ಅಳಿಯಂದಿರ ವಿಮಾನ

ಜುಲೈ ೩, ೨೦೧೨, ಮಂಗಳವಾರ

ಇದನ್ನು ತೆರೆದವರು ಯಾರೇ ಇರಲಿ, ನಿಮ್ಮ ಕೈಗೆ ನಾಚಿಕೆ ಇಲ್ಲವೇ? ಮುದುಕಿಯ ದಿಂಬಿನ ಕೆಳಗಿನ ಪುಸ್ತಕ ಅಂದರೆ ಸಂತೆಯಲ್ಲಿ ಹರವಿದ ಬದನೆಕಾಯಿ ಅಂದುಕೊಂಡಿರಾ, ಬಂದವರೆಲ್ಲ ಹಿಚುಕಿ ನೋಡಿ ಹೋಗಲಿಕ್ಕೆ? ಮುಚ್ಚಿ ಇದ್ದಲ್ಲೇ ಇಡಿ. ಶೈಲಾ, ನೀನಾಗಿದ್ದರೆ ಎರಡು ಸಲ ಮುಚ್ಚಿಡು. ಅಕ್ಷರ ಸೊಟ್ಟಗಿದೆ, ಒತ್ತು ತಪ್ಪಿದೆ ಎಂದು ನಗುವವರು ನಗಿರಿ. ಮೂರನೆಯ ಇಯತ್ತೆ ಮುಗಿಯುವ ಮೊದಲೇ ನನ್ನನ್ನು ಶಾಲೆ ಬಿಡಿಸಿ ಎಮ್ಮೆಯ ಹಿಂದೆ ಕಳಿಸಿದರು. ಎಮ್ಮೆಗೆ ಒತ್ತಕ್ಷರ ಬೇಕಾಗಿರಲಿಲ್ಲ.

ಬರೆಯುವ ಕಾರಣ ಇಷ್ಟೇ. ಮೊನ್ನೆ ಮಗಳು ಶೈಲಾ ಗಾರ್ಮೆಂಟ್ಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಅವ್ವಾ, ನಿನ್ನ ನಾಲಿಗಿ ಒಂದೀಟು ಕಟ್ಟಿಹಾಕು. ಮನ್ಯಾಗ ಜಡ್ಡಿನ ಮನಷಾರು ಅದಾರ. ಬೈಬೇಕನಿಸಿದ್ರ ಬರದಿಡು, ಬಾಯಿಲೆ ಬ್ಯಾಡ" ಎಂದಳು. ಕಂಪನಿಯವರು ವರ್ಷದ ಮೊದಲಲ್ಲಿ ಅಳಿಯಂದಿರಿಗೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಅದನ್ನೇ ನನ್ನ ಕೈಗೆ ಹಾಕಿದಳು.

ಬೈಯುವುದಕ್ಕೆ ಬೇಕಾದಷ್ಟಿದೆ. ದಾಸರಹಳ್ಳಿಯ ಈ ಎರಡನೆಯ ಮಹಡಿಯ ಮನೆಯ ಕಿಟಕಿ ತೆರೆದರೆ ಮೆಟ್ರೋ ಕಂಬದ ಧೂಳು ಅನ್ನಕ್ಕೆ ಬೀಳುತ್ತದೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಆದರೆ ನಿಜವಾಗಿ ನಾನು ಬೈಯಬೇಕಾದದ್ದು ಒಂದು ಕೈಯನ್ನು, ಅಳಿಯಂದಿರ ಬಲಗೈಯನ್ನು.

ಏಪ್ರಿಲಿನಲ್ಲಿ ಲಕ್ವಾ ಹೊಡೆಯಿತು, ಪೀಣ್ಯದ ಕಂಪನಿಯ ಟೂಲ್ ರೂಮಿನಲ್ಲಿ, ಬೆಂಚಿನ ಮುಂದೆ ನಿಂತಲ್ಲೇ. ಮಾತು ತಿರುಗಿ ಬಂತು, ಕಾಲು ತಿರುಗಿ ಬಂತು, ಬೆರಳು ಮಾತ್ರ ಬರಲಿಲ್ಲ. ಅವರು ಫಿಟ್ಟರು. ಅರ ತಿಕ್ಕಿ ಕೂದಲೆಳೆಯಷ್ಟು ಉಕ್ಕು ತೆಗೆದು ಎರಡು ತುಂಡುಗಳನ್ನು ಒಂದೇ ಎನ್ನುವ ಹಾಗೆ ಕೂರಿಸುವ ಕೈ ಅದು. ಈಗ ತೊಡೆಯ ಮೇಲೆ ಯಾರೋ ಮರೆತು ಹೋದ ಸಾಮಾನಿನ ಹಾಗೆ ಬಿದ್ದಿರುತ್ತದೆ. ಆಯುಧ ಪೂಜೆಯವರೆಗೆ ಬೆಂಚು ಖಾಲಿ ಇಡುತ್ತೇವೆ ಎಂದು ಕಂಪನಿಯವರು ಹೇಳಿದ್ದಾರೆ. ಅಷ್ಟರೊಳಗೆ ಹೋಗಿ ಎಲ್ಲರ ಎದುರು ಅರ ಹಿಡಿದು ಒಂದು ತುಂಡು ಕೂರಿಸಿ ತೋರಿಸಬೇಕು. ಆಗದಿದ್ದರೆ ಬೆಂಚು ಬೇರೆಯವರದ್ದು.

ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಓದುವ ಮೊಮ್ಮಗಳು ರಕ್ಷಿತಾಗೆ ಅರ್ಧ ಮಾತ್ರ ಹೇಳಿದ್ದೇವೆ. ಉಳಿದರ್ಧ ನಮಗೂ ಗೊತ್ತಿಲ್ಲ.

ಜುಲೈ ೬, ಶುಕ್ರವಾರ

ಟೂಲ್ ರೂಮಿನ ಹನುಮಯ್ಯ ಬಂದಿದ್ದ. ಅಳಿಯಂದಿರ ಪಕ್ಕದ ಬೆಂಚಿನವನು, ತುಮಕೂರು ಕಡೆಯವನು, ಬಾಯಿ ದೊಡ್ಡದು. ಕಂಕುಳಲ್ಲಿ ಒಂದು ರಟ್ಟಿನ ಡಬ್ಬ.

"ಮುತ್ತಣ್ಣ, ನೋಡು ಗುರು, ಪ್ಲಾಸ್ಟಿಕ್ ವಿಮಾನ. ಬಿಡಿ ಬಿಡಿ ತುಂಡು ಬರ್ತವೆ, ನಾವು ಜೋಡಿಸ್ಬೇಕು. ಡಾಕ್ಟ್ರು ಬೆರಳಿಗೆ ಸಣ್ಣ ಕೆಲ್ಸ ಕೊಡಿ ಅಂದ್ರಂತಲ್ಲ? ನಮ್ಮನೇಲಿ ಇಪ್ಪತ್ತು ಮಡಗಿದೀನಿ. ನನ್ ಹೆಂಡ್ತಿ ಧೂಳು ಒರೆಸಿ ಒರೆಸಿ ಸಾಕಾಗಿ, ಇವು ಒಂದಾದ್ರೂ ಹಾರೋಗ್ಬಾರ್ದಾ ಅಂತಾಳೆ."

ನಾನು ಅಡುಗೆಮನೆಯ ಪರದೆಯ ಹಿಂದೆ ನಿಂತು ಚಹಾ ಲೋಟ ಚಾಚಿದೆ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರಬಾರದು, ತಲೆಯ ಮೇಲಿನ ಸೆರಗು ಜಾರಿಸಬಾರದು, ನೇರ ಮಾತಾಡಬಾರದು, ಹೆಸರು ಹಿಡಿಯಬಾರದು. ಹದಿನಾರು ವರ್ಷದಲ್ಲಿ ಅವರ ಮುಖಕ್ಕಿಂತ ಅವರ ಚಪ್ಪಲಿಯನ್ನೇ ನಾನು ಹೆಚ್ಚು ನೋಡಿದ್ದೇನೆ. ಶೈಲಾ ಮನೆಯಲ್ಲಿದ್ದರೆ ಅವಳ ಮೂಲಕ ಹೇಳುತ್ತೇನೆ. ಇಲ್ಲದಿದ್ದರೆ ಕುಕ್ಕರಿಗೆ ಹೇಳುತ್ತೇನೆ, ಅವರು ಕೇಳಿಸಿಕೊಳ್ಳುತ್ತಾರೆ.

ಪರದೆಯ ಹಿಂದಿನಿಂದ ಹನುಮಯ್ಯನ ಪಾಠ ಪೂರ್ತಿ ಕೇಳಿದೆ. ತುಂಡುಗಳು ಒಂದು ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಕೈಯಿಂದ ಮುರಿದರೆ ತುಂಡಿನ ಮೈಯೇ ಕಿತ್ತು ಬರುತ್ತದೆ. ಕಟರಿನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯಂಥ ತುದಿಯನ್ನು ಆಮೇಲೆ ಸವರಬೇಕು. ತುಂಡಿನ ಮೇಲೆ ಅಚ್ಚಿನ ಎಣ್ಣೆ ಇರುತ್ತದೆ, ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಅಂಟು ಹಚ್ಚುವ ಮೊದಲು ಒಣಗೇ ಜೋಡಿಸಿ ನೋಡಬೇಕು.

"ಅಂಟು ಕಮ್ಮಿ ಹಾಕು ಮಗಾ. ಇದು ಗೋಂದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡ್ತದೆ. ಒಣಗಿದ್ರೆ ಸುಮಾರು ತಾನೇ ಕೂತ್ಕೊಳ್ತದೆ. ಎಲ್ರೂ ಮಾಡೋ ತಪ್ಪು ಏನ್ ಗೊತ್ತಾ? ಡಬ್ಬ ಬಿಚ್ಚಿದ ದಿನವೇ ಹಾರಿಸ್ಬೇಕು ಅಂತ ಕೂತ್ಕೋತಾರೆ."

ಅವನು ಹೋದ ಮೇಲೆ ಅಳಿಯಂದಿರು ಡಬ್ಬ ತೆರೆಯದೆ ಅದರ ಮೇಲಿನ ಚಿತ್ರವನ್ನು ನೋಡುತ್ತ ಕೂತರು. ಐವತ್ತಕ್ಕೆ ಹತ್ತಿರ ಬಂದ ಗಂಡಸಿಗೆ ಆಟದ ಸಾಮಾನು! ಹನುಮಯ್ಯನ ತಲೆಯ ಮೇಲೆ ಒಂದು ಚೊಂಬು ನೀರು ಹೊಯ್ಯಬೇಕಿತ್ತು.

ಜುಲೈ ೧೦, ಮಂಗಳವಾರ

ಶುರು ಮಾಡಿದ್ದಾರೆ. ಕಟರು ಹಿಡಿಯಲು ಬೆರಳು ಮಡಚಲಿಲ್ಲ, ಎಡಗೈಯಿಂದ ಒಂದೊಂದೇ ಬೆರಳನ್ನು ಮಡಚಿ ಕಟರಿನ ಮೇಲೆ ಇಟ್ಟರು. ಒತ್ತಿದರು, ಒತ್ತಡ ಸಾಲಲಿಲ್ಲ. ಕೊನೆಗೆ ಚೌಕಟ್ಟನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ತಿರುವಿ ಮುರಿದರು. ಯಾವುದು ಮಾಡಬಾರದು ಎಂದು ಹನುಮಯ್ಯ ಹೇಳಿದ್ದನೋ ಅದೇ. ಬಾಲದ ತುಂಡಿನ ಅಂಚಿನಲ್ಲಿ ಇಲಿ ತಿಂದ ಹಾಗೆ ಗಾಯ.

ಕುಕ್ಕರಿಗೆ ಹೇಳಿದೆ: "ಏ, ಅವಸರ ಯಾರಿಗೈತಿ? ಇಲ್ಲಿ ಯಾರೂ ವಿಮಾನ ಹತ್ತಿ ಹೊಂಟಿಲ್ಲ."

ಇಣುಕಿದರೆ ಎರಡೂ ಕೈಗಳ ಬೆರಳಿಗೆ ಅಂಟು ಮೆತ್ತಿಕೊಂಡಿತ್ತು. ವಿಮಾನದ ಮೈಮೇಲೆ ಹೆಬ್ಬೆಟ್ಟಿನ ಗುರುತು, ಸಹಿ ಬಾರದವನು ಕಾಗದಕ್ಕೆ ಒತ್ತಿದ ಹಾಗೆ. ಅವರು ಆ ಗುರುತನ್ನೇ ನೋಡುತ್ತಿದ್ದರು. ನಾನು ಹೋಗಿ ಬೆರಳು ಒರೆಸುವ ಹಾಗಿಲ್ಲ. ಒದ್ದೆ ಬಟ್ಟೆಯನ್ನು ಪರದೆಯ ಕೆಳಗಿನಿಂದ ಕೋಲಿನಲ್ಲಿ ತಳ್ಳಿದೆ.

ಜುಲೈ ೧೨, ಗುರುವಾರ

ಏನೂ ಇಲ್ಲ. ಅವರೂ ಕೂರಲಿಲ್ಲ. ರೊಟ್ಟಿ ಹಾಗೇ ಉಳಿದವು.

ಜುಲೈ ೧೭, ಮಂಗಳವಾರ

ಇವತ್ತಿನ ಪಾಪ ನನ್ನದು. ತುಂಡುಗಳಿಗೆ ಎಣ್ಣೆ ಇದೆ, ತೊಳೆಯಬೇಕು ಎಂದಿದ್ದನಲ್ಲ? ಅವರು ಕೈಯ ಕಸರತ್ತಿಗೆ ಆಸ್ಪತ್ರೆಗೆ ಹೋದಾಗ ರೆಕ್ಕೆಗಳನ್ನು ತಂದು, ಎಣ್ಣೆ ಜಿಡ್ಡು ಬಿಡಬೇಕಲ್ಲ ಎಂದು ಕುದಿಯುವ ನೀರಿಗೆ ಸೀಗೆಪುಡಿ ಉದುರಿಸಿ ಅದ್ದಿದೆ. ತೆಗೆದರೆ ರೆಕ್ಕೆ ಒಲೆಯ ಮೇಲಿನ ಹಪ್ಪಳದ ಹಾಗೆ ಮುರುಟಿತ್ತು. ನಮ್ಮ ಕಡೆ ತಲೆಯನ್ನು, ಪಾತ್ರೆಯನ್ನು, ಬಾಣಂತಿಯನ್ನು ಎಲ್ಲವನ್ನೂ ಸುಡುನೀರಿನಲ್ಲೇ ತೊಳೆಯುವುದು. ತಣ್ಣೀರಿನಲ್ಲಿ ತೊಳೆದರೆ ಕೊಳೆ ಹೋಗುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಬಂದು ನೋಡಿದರು. "ರೆಕ್ಕಿ ಯಾಕ ಹಿಂಗ ಬಾಗ್ಯಾವು?"

ಕುಕ್ಕರಿಗೆ ಎಲ್ಲ ಹೇಳಿದೆ. ಸುಳ್ಳು ಹೇಳಲಿಲ್ಲ. ಮುರಿದದ್ದನ್ನು ಸರಿ ಮಾಡುವುದು ನನ್ನ ಕೈಲಿ ಆಗಲಿಲ್ಲ, ಇದ್ದದ್ದನ್ನು ಕೆಡಿಸುವುದು ಸಲೀಸಾಗಿ ಆಯಿತು.

ಆ ಕಡೆಯಿಂದ ಮಾತು ಬಂತು: "ಬಿಸಿನೀರಾಗ ಬಾಗಿದ್ದು ಬಿಸಿನೀರಾಗ ನೆಟ್ಟಗ ಆಗ್ತೈತಿ ಅಂತ ಕುಕ್ಕರಿಗೆ ಹೇಳ್ರಿ. ಕುದಿಯೂದು ಬ್ಯಾಡ, ಕೈ ತಡಿಯುವಷ್ಟು ಇರ್ಲಿ. ಮೆತ್ತಗಾದ ಮ್ಯಾಲ ಲಟ್ಟಣಿಗಿ ಮಣಿ ಮ್ಯಾಲ ಒತ್ತಿ ಹಿಡಿಬೇಕು."

ಹಾಗೇ ಮಾಡಿದೆ. ಮುಕ್ಕಾಲು ನೆಟ್ಟಗಾಯಿತು.

ಜುಲೈ ೨೩, ಸೋಮವಾರ, ಪಂಚಮಿ

ಪಂಚಮಿಗೆ ಮಗಳು ತವರಿಗೆ ಬರಬೇಕು. ಇಲ್ಲಿ ತವರೇ ಮಗಳ ಮನೆಯಲ್ಲಿ ಬಂದು ಕೂತಿದೆ. ಎಳ್ಳುಂಡಿ, ಶೇಂಗಾದುಂಡಿ ಕಟ್ಟಿದೆ. ಶೈಲಾಗೆ ರಜೆ ಇಲ್ಲ, ಡಬ್ಬಿಯಲ್ಲಿ ಹಾಕಿ ಕಳಿಸಿದೆ.

ಅಳಿಯಂದಿರು ಎಡಗೈಯಲ್ಲಿ ಉಂಡು, ಗುಳಿಗೆ ನುಂಗಿ ಮಲಗಿದರು. ಆ ಗುಳಿಗೆ ಅವರನ್ನು ಎರಡು ತಾಸು ಕಲ್ಲು ಮಾಡುತ್ತದೆ. ಮೇಜಿನ ಮೇಲೆ ರೆಕ್ಕೆಯ ಎರಡು ಪದರು ಬೆಳಿಗ್ಗೆ ಅಂಟಿಸಿದ್ದು. ಒಂದರ ಮೇಲೊಂದು ಕೂರದೆ, ಅಂಚಿನಲ್ಲಿ ಅಂಟು ಉಕ್ಕಿ ಮೂಗಿನ ಒಣ ಸಿಂಬಳದ ಹಾಗೆ ಗಟ್ಟಿಯಾಗಿತ್ತು. ಬೆಳಿಗ್ಗೆ ಅದನ್ನು ಮುಗಿಸಲು ಮೂರು ತಾಸು ಹಿಡಿದಿದ್ದರು. ಎದ್ದು ಇದನ್ನು ನೋಡಿದರೆ ನಾಳೆ ಕೂರುವುದಿಲ್ಲ, ರೊಟ್ಟಿ ಉಳಿದ ಆ ಗುರುವಾರದ ಹಾಗೆ.

ಸುಮ್ಮನೆ ಒಮ್ಮೆ ಮುಟ್ಟಿದೆ. ನಲವತ್ತು ವರ್ಷ ಕೌದಿ ಹೊಲಿದ ಕೈ ಇದು. ತೇಪೆಯ ಮೇಲೆ ತೇಪೆ ಇಟ್ಟು, ಅಂಚು ಕಾಣದ ಹಾಗೆ ಮಡಚಿ ಎಳೆ ಎಳೆಯುತ್ತೇನೆ. ಸವರಲೆಂದು ಹನುಮಯ್ಯ ಕೊಟ್ಟಿದ್ದ ಎಮರಿ ಪೇಪರು ಅಲ್ಲೇ ಇತ್ತು. ಉಕ್ಕಿದ ಅಂಟನ್ನು ಸವರಿದೆ, ಇನ್ನೂ ಮೆತ್ತಗಿದ್ದ ಮೂಲೆಯನ್ನು ಒತ್ತಿ ಕೂರಿಸಿ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದೆ, ಅವರು ಏಳುವ ಮೊದಲು ತೆಗೆದೆ.

ಎದ್ದವರು ರೆಕ್ಕೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಹೆಬ್ಬೆರಳಿನಿಂದ ಅಂಚು ಸವರಿದರು. ಇನ್ನೊಮ್ಮೆ ಸವರಿದರು.

"ಹನುಮಯ್ಯ ಹೇಳಿದ್ದ ಖರೆ. ಒಣಗಿದ್ರ ತಾನ ಕೂಡ್ತೈತಿ" ಎಂದರು.

ನಾನು ಪಾತ್ರೆ ಉಜ್ಜುತ್ತಿದ್ದೆ.

ಜುಲೈ ೩೦, ಸೋಮವಾರ

ಶೈಲಾ ಬಂದವಳು ಚೀಲ ಇಳಿಸುವ ಮೊದಲೇ ವಿಮಾನ ಎತ್ತಿಕೊಂಡಳು. "ಅಯ್ಯ, ಎಷ್ಟು ನುಣುಪು ಆಗೈತಿ! ಅವ್ವಾ ನೋಡು, ಕೈ ಬರಾಕ ಹತ್ತೈತಿ!" ಎಂದು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಏಪ್ರಿಲಿನಲ್ಲಿ ಆಸ್ಪತ್ರೆಯಲ್ಲೂ ಅಳದಿದ್ದ ಹುಡುಗಿ.

ಅಳಿಯಂದಿರು ನೆಲ ನೋಡುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ನಿಜ ಹೇಳುವವಳು ತಾಯಿಯಾಗಿರಲು ಸಾಧ್ಯವೇ? ಹೇಳಲಿಲ್ಲ. ಒಂದು ಶೇಂಗಾದುಂಡಿ ಬಾಯಿಗೆ ಹಾಕಿಕೊಂಡೆ, ನಾಲಿಗೆ ಆಡದಿರಲಿ ಎಂದು.

ಆಗಸ್ಟ್ ೬, ಸೋಮವಾರ

ಸಣ್ಣ ತುಂಡುಗಳ ಕಾಟ. ಕಟರು ಒತ್ತಿದ ಕೂಡಲೇ ಚಿಮ್ಮಿ ಎಲ್ಲೋ ಹೋಗುತ್ತವೆ. ಜೋಳದ ಕಾಳಿಗಿಂತ ಸಣ್ಣ ಚಕ್ರವೊಂದನ್ನು ಹುಡುಕುತ್ತ ಇಬ್ಬರೂ ಮಂಚದ ಕೆಳಗೆ, ಕಸಬರಿಗೆಯ ಸಂದಿಯಲ್ಲಿ ಅರ್ಧ ದಿನ ಕಳೆದೆವು. ಕೊನೆಗೆ ಅದು ಸಿಕ್ಕಿದ್ದು ನನ್ನ ಕುಂಕುಮದ ಭರಣಿಯಲ್ಲಿ.

ಆಮೇಲೆ ಒಂದು ಉಪಾಯ ಮಾಡಿದೆ. ಮೇಜಿನ ಈಚೆ ಕೂತು ಸೆರಗನ್ನು ಬಿಚ್ಚಿ ಅವರ ಕೈಗಳ ಕೆಳಗೆ ಜೋಳಿಗೆಯ ಹಾಗೆ ಹಿಡಿದೆ. ಚಿಮ್ಮಿದ್ದೆಲ್ಲ ಸೆರಗಿಗೆ ಬಿತ್ತು. ಏಳು ತುಂಡು ಕತ್ತರಿಸಿದರು, ಏಳೂ ಸಿಕ್ಕವು. ವಿಮಾನದ ಕೆಲಸ ಮಾಡುವವರೆಲ್ಲ ಹೀಗೆ ಮಾಡುತ್ತಾರೋ ಇಲ್ಲವೋ, ಮಾಡದಿದ್ದರೆ ಅವರು ದಡ್ಡರು.

ಅವರ ಎಡಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗುರುತಿದೆ. ಯಾವಾಗ ಆದದ್ದೋ.

ಆಗಸ್ಟ್ ೯, ಗುರುವಾರ

ಮುತ್ತಣ್ಣನಿಗೆ ಈಚೆಗೆ ಒಂದು ಚಾಳಿ ಶುರುವಾಗಿದೆ, ಮಲಗುವ ಮೊದಲು ತನಗೆ ತಾನೇ ಮಾತಾಡಿಕೊಳ್ಳುವುದು. "ಮದಲ ಒರಟು ಪೇಪರು, ಆಮ್ಯಾಲ ನುಣ್ಣಂದು. ನುಣ್ಣಂದಕ್ಕ ನೀರು ಹಚ್ಚಬೇಕು. ಒಂದ ದಿಕ್ಕಿಗೆ ತಿಕ್ಕಬೇಕು, ಗುಂಡಗ ತಿರುವಬಾರದು" ಎಂದು ಗೋಡೆಯ ಕಡೆ ಮುಖ ಮಾಡಿ ಹೇಳುತ್ತಾನೆ, ಆಮೇಲೆ ನಿದ್ದೆ. ಮರೆವಿಗೆ ಹೆದರಿರಬೇಕು, ಪಾಪ. ಪೇಪರುಗಳನ್ನೂ ಒರಟು, ನುಣ್ಣಗೆ ಎಂದು ಸಾಲಾಗಿ ಮಡಚಿ, ಪಕ್ಕದಲ್ಲಿ ಬಟ್ಟಲಲ್ಲಿ ನೀರು ಇಟ್ಟು ಮಲಗುತ್ತಾನೆ. ಬೆಳಿಗ್ಗೆ ಅಂಟಿಸಿದ್ದೆಲ್ಲ ಸೊಟ್ಟ. ಮಧ್ಯಾಹ್ನ ನಾನು ನೆಟ್ಟಗೆ ಮಾಡುತ್ತೇನೆ. ಒಂದೇ ದಿಕ್ಕಿಗೆ ತಿಕ್ಕಿದರೆ ನಿಜವಾಗಿಯೂ ಚೆಂದ ಬರುತ್ತದೆ.

ಬೆರಳು? ಹೆಬ್ಬೆರಳು ಒಂದಿಷ್ಟು ಆಡುತ್ತಿದೆ. ತೋರುಬೆರಳು ಮೊದಲಿನ ಹಾಗೆಯೇ. ನಾನೇ ಹಿಡಿದು ಬಿಡಿಸಿ ಬಿಡಿಸಿ ಎಣ್ಣೆ ಹಚ್ಚಿದೆ. ತಣ್ಣಗಿದೆ.

ಆಗಸ್ಟ್ ೧೪, ಮಂಗಳವಾರ

ಹನುಮಯ್ಯ ಬಂದ. ವಿಮಾನ ನೋಡಿ ಕೂತಲ್ಲಿಂದ ಎದ್ದ.

"ಲೇ ಮುತ್ತಣ್ಣ! ಜೋಡು ಎಲ್ಲೈತೋ? ಕಾಣಂಗೇ ಇಲ್ವಲ್ಲೋ! ಹತ್ತು ವರ್ಷದಿಂದ ಮಾಡ್ತಿರೋ ನಂಗೇ ಇಂಗೆ ಬರಲ್ಲ. ನಾಡಿದ್ದೇ ಮ್ಯಾನೇಜರ್‌ಗೆ ಹೇಳ್ತೀನಿ ಕಣೋ. ಆಯುಧ ಪೂಜೆವರ್ಗೂ ಯಾಕ್ ಕಾಯ್ಬೇಕು?"

"ಬ್ಯಾಡ ಹನುಮಯ್ಯ. ಇನ್ನೊಂದಿಷ್ಟು ದಿನ ಹೋಗ್ಲಿ" ಎಂದ ಮುತ್ತಣ್ಣ.

"ನಿನ್ದು ಇದೇ ಆಯ್ತು. ಸಂಕೋಚ! ನೋಡಮ್ಮಾ, ನೀವಾದ್ರೂ ಹೇಳಿ ನಿಮ್ಮ ಅಳಿಯಂಗೆ."

ನನ್ನ ಬಾಯಿ ತೆರೆದುಕೊಂಡಿತು. ಊರಲ್ಲಿ ಮೂರು ಓಣಿಗೆ ಕೇಳಿಸುವ ಹಾಗೆ ಬೈಯುವ ಬಾಯಿ. ಅದರಿಂದ ಬಂದದ್ದು, "ಚಾ ಆರತೈತಿ, ಕುಡೀರಿ" ಅಷ್ಟೇ.

ಆಗಸ್ಟ್ ೨೧, ಮಂಗಳವಾರ

ಸೆಪ್ಟೆಂಬರ್ ಹತ್ತಕ್ಕೆ ಬಾ ಎಂದು ಕಂಪನಿಯಿಂದ ಫೋನು. ಆಯುಧ ಪೂಜೆಗೆ ಎರಡು ತಿಂಗಳಿತ್ತು. ಈಗ ಇಪ್ಪತ್ತು ದಿನ.

ನನ್ನ ಎಮರಿ ಪೇಪರು ಅವನ ನಲವತ್ತು ದಿನ ತಿಂದಿತು.

ಆಗಸ್ಟ್ ೨೭, ಸೋಮವಾರ

ಚಕ್ರ ಒಣಗಿತ್ತು. ಮುತ್ತಣ್ಣ ವಿಮಾನವನ್ನು ಮೊದಲ ಸಲ ಮೇಜಿನ ಮೇಲೆ ನಿಲ್ಲಿಸಿದ. ಬಿಟ್ಟ ಕೂಡಲೇ ಮೂಗು ಮೇಲಕ್ಕೆತ್ತಿ ಬಾಲದ ಮೇಲೆ ಕುಕ್ಕರಿಸಿತು. ಮತ್ತೆ ನಿಲ್ಲಿಸಿದ, ಮತ್ತೆ ಕುಕ್ಕರಿಸಿತು.

ಮೈಯ ಎರಡು ಹೋಳು ಸೊಟ್ಟ ಕೂತಿದ್ದವೆಂದು ಈ ತಿಂಗಳ ಮೊದಲಲ್ಲಿ, ಅಂಟು ಪೂರ್ತಿ ಹಿಡಿಯುವ ಮೊದಲೇ ಬಿಚ್ಚಿ ಮತ್ತೆ ಅಂಟಿಸಿದವಳು ನಾನು. ಜೊತೆಗೆ ಬಂದ ಚಿತ್ರದ ಹಾಳೆಯಲ್ಲಿ ಮೂಗಿನೊಳಗೆ ಒಂದು ಕಪ್ಪು ಗುಂಡು ಬರೆದಿದ್ದರು. ಪಕ್ಕದ ಇಂಗ್ಲಿಷು ನನಗೆ ಬಾರದು, ಮಸಿ ಬಿದ್ದಿರಬೇಕು ಎಂದುಕೊಂಡಿದ್ದೆ. ಒಳಗೆ ಇದ್ದ ಸೀಸದ ಗುಂಡನ್ನು ಕಸವೆಂದು ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ.

ಮುತ್ತಣ್ಣ ವಿಮಾನ ನೋಡಿದ, ಗೂಡು ನೋಡಿದ, ನನ್ನನ್ನು ನೋಡಿದ. "ಮೂಗಿನ್ಯಾಗ ಭಾರ ಹಾಕೂದು ಮರತೀನಿ ನೋಡ್ರಿ. ನಂದ ತಪ್ಪು. ಎಲ್ಲಾರೂ ಮಾಡೂ ತಪ್ಪಂತ ಇದು" ಎಂದು ನಗತೊಡಗಿದ. ಏಪ್ರಿಲಿನಿಂದ ಮೊದಲ ಸಲ. ಬಾಯಿ ಇನ್ನೂ ಒಂದು ಕಡೆಗೆ ಎಳೆಯುತ್ತದೆ, ಆದರೂ ನಗುವೇ.

"ನಗೂದು ಸಾಕು. ಈಗೇನು ಮಾಡೂದು ಹೇಳು" ಎಂದೆ.

"ಹೊಟ್ಟಿ ಕೆಳಗ ಮುಂದಿನ ಚಕ್ರದ ಗೂಡೈತಲ್ಲ, ಆ ಸೀಸದ ಗುಂಡು ಕತ್ತರಿಸಿ ಅಲ್ಲಿಂದ ಚೂರು ಒಂದೊಂದ ತೂರಸಬೇಕು. ನೀವು ಹಿಡೀರಿ, ನಾ ತೂರಸ್ತೀನಿ."

ಹಿಡಿದೆ. ಎದುರು ಬದುರು ಕೂತು ಹನ್ನೆರಡು ಚೂರು ತೂರಿಸಿದೆವು. ಅದರಲ್ಲಿ ಎರಡು ಚೂರು ಬಲಗೈಯಿಂದ. ನಾನು ಎಣಿಸಿದ್ದೇನೆ, ಎರಡು.

ಸೆಪ್ಟೆಂಬರ್ ೩, ಸೋಮವಾರ

ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳ ಉಳಿದಿತ್ತು. ಬೇಗ ಹಿಡಿಯಲೆಂದು ಅಂಗಡಿಯ ತಕ್ಷಣ ಹಿಡಿಯುವ ಅಂಟು ಹಚ್ಚಿದೆ. ಅಂಟಿನ ಹೊಗೆಗೆ ಗಾಜು ಬೆಳ್ಳಗೆ ಮಂಜಾಯಿತು, ಪೊರೆ ಬಂದ ಕಣ್ಣಿನ ಹಾಗೆ. ತಿಕ್ಕಿದಷ್ಟೂ ಗೀರು. ಗಾಜಿಗೆ ಆ ಅಂಟು ಮುಟ್ಟಿಸಲೇಬಾರದು ಎಂದು ಅಂಗಡಿಯವನು ಆಮೇಲೆ ಹೇಳಿದ. ಹನುಮಯ್ಯ ಆ ಮಾತು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹೇಳಿಬಿಡಬೇಕೆಂದು ಇವತ್ತು ಮೂರು ಸಲ ಎದುರು ಹೋಗಿ ಕೂತೆ. ಮೊದಲ ಸಲ ಅವನು ಕಸರತ್ತಿನ ಚೆಂಡು ಹಿಚುಕುತ್ತಿದ್ದ. ಎರಡನೆಯ ಸಲ ಕಿಟಕಿಯಲ್ಲಿ ಮೆಟ್ರೋ ಕಂಬದ ಮೇಲಿನ ಕೆಲಸದವರನ್ನು ನೋಡುತ್ತಿದ್ದ, ಅವರ ಕೈಗಳನ್ನು. ಮೂರನೆಯ ಸಲ ಅವನೇ ಕೇಳಿದ: "ಏನರ ಹೇಳೂದೈತೇನ್ರಿ ಅತ್ತೀ?"

"ಸಾರಿಗೆ ಉಪ್ಪು ಕಡಿಮಿ ಆಗಿತ್ತೇನು?" ಎಂದೆ.

"ಇಲ್ರಿ. ಎಲ್ಲಾ ಬರೋಬ್ಬರಿ ಇತ್ತು."

ಸೆಪ್ಟೆಂಬರ್ ೧೦, ಸೋಮವಾರ

ಶೈಲಾ ಅಂಗಿಯ ಗುಂಡಿ ಹಾಕಿಕೊಟ್ಟಳು. ಮುತ್ತಣ್ಣ ವಿಭೂತಿ ಹಚ್ಚಿಕೊಂಡ, ಎಡಗೈಯಿಂದ. ವಿಮಾನವನ್ನು ಪಂಚಮಿಯ ಉಂಡಿ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಟ್ಟಳು ಶೈಲಾ, ಮ್ಯಾನೇಜರು ನೋಡಲಿ ಎಂದು. ಅವನು ಬೇಡವೆಂದ. ಅವಳು ಕೇಳಲಿಲ್ಲ.

ಹನ್ನೊಂದಕ್ಕೆ ಹೋದವನು ಎರಡಕ್ಕೆ ಬಂದ, ಜೊತೆಗೆ ಹನುಮಯ್ಯ. ಮುತ್ತಣ್ಣ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ. ಹನುಮಯ್ಯ ಹೊಸ್ತಿಲಲ್ಲೇ ನಿಂತು ಹೇಳಿದ.

"ವಿಮಾನ ನೋಡಿ ಎಲ್ರೂ ಸಕ್ಕತ್ ಅಂದ್ರಮ್ಮಾ. ಅದನ್ನ ನೋಡಿ ಮ್ಯಾನೇಜರ್ ಸುಲಭದ್ ತುಂಡು ಕೊಡ್ಲಿಲ್ಲ, ಕಷ್ಟದ್ದೇ ಕೊಟ್ರು. ಅರ ಹಿಡ್ದ. ನಾಕು ಸಲ ತಳ್ದ. ಐದನೇದಕ್ಕೆ ಕೈಯಿಂದ ಜಾರಿ ಕೆಳಗ್ ಬಿತ್ತು. ಎತ್ತಿ ಕೊಟ್ಟೆ. ಮತ್ತೆ ಬಿತ್ತು. ಯಾರೂ ಮಾತಾಡ್ಲಿಲ್ಲಮ್ಮಾ. ಯಾರಾದ್ರೂ ಬೈದಿದ್ರೆ ಚೆನ್ನಾಗಿರ್ತಿತ್ತು."

"ಆಯುಧ ಪೂಜಿ ಮಟಾ ಕಾಯ್ತೀವಿ ಅಂದಿದ್ರಲ್ಲೋ?"

"ಕೇಳ್ದೆ. ಕೈ ಸರಿಹೋಗಿದೆ ಅಂತ ನೀವೇ ಹೇಳಿದ್ರಿ, ನಾವು ನೋಡಿದ್ವಿ, ಮುಗೀತಲ್ಲ ಅಂದ್ರು. ಬೆಂಚು ನಾಳೆಯಿಂದ ಆವಲಪ್ಪ ಅನ್ನೋ ಇನ್ನೊಬ್ಬ ಫಿಟ್ಟರ್‌ಗೆ ಅಂತೆ." ಹನುಮಯ್ಯ ಕಣ್ಣು ಒರೆಸಿಕೊಂಡ. "ಎಲ್ಲಾ ನನ್ ಬಾಯಿಂದ ಆಗಿದ್ದು."

ಅವನ ಬಾಯಿಂದ ಅಲ್ಲ. ಹೇಳಲಿಲ್ಲ. ಅವನಿಗೂ ಹೇಳಲಿಲ್ಲ.

ಸೆಪ್ಟೆಂಬರ್ ೧೧, ಮಂಗಳವಾರ

ಮುಖ ಗೋಡೆಯ ಕಡೆಗೇ. ಊಟ ಎರಡು ತುತ್ತು.

ಸೆಪ್ಟೆಂಬರ್ ೧೨, ಬುಧವಾರ

ಹಾಗೇ.

ಸೆಪ್ಟೆಂಬರ್ ೧೪, ಶುಕ್ರವಾರ

ಇವತ್ತಿನದು ನನಗೋಸ್ಕರ ಬರೆಯುತ್ತಿಲ್ಲ. ಮುತ್ತಣ್ಣ, ಇದು ನಿನಗೆ. ಬರೆದು ಮುಗಿಸಿ, ಈ ಹಾಳೆ ತೆರೆದು, ನಿನ್ನ ಮೇಜಿನ ಮೇಲೆ ಇಡುತ್ತೇನೆ. ಹಿಂದಿನ ಹಾಳೆಗಳನ್ನೂ ಓದು, ಹನುಮಯ್ಯನ ತಲೆಯ ಮೇಲೆ ನೀರು ಹೊಯ್ಯುವ ಮಾತೊಂದನ್ನು ಬಿಟ್ಟು.

ಪಂಚಮಿಯ ದಿನದಿಂದ ನೀನು ಅಂಟಿಸಿದ್ದನ್ನೆಲ್ಲ ನೀನು ಮಲಗಿದಾಗ ನಾನು ತಿದ್ದಿದ್ದೇನೆ. ರೆಕ್ಕೆ, ಬಾಲ, ಮೈಯ ಜೋಡು, ಚಕ್ರ. ಹನುಮಯ್ಯ ಕಾಣುವುದಿಲ್ಲ ಎಂದು ಹೊಗಳಿದ ಜೋಡು ನನ್ನದು. ಅವನು ಮ್ಯಾನೇಜರಿಗೆ ತೋರಿಸಲು ಹೊರಟ ಕೈಯೂ ನನ್ನದೇ. ಪರೀಕ್ಷೆಗೆ ನಿಲ್ಲಿಸಿದ್ದು ಮಾತ್ರ ನಿನ್ನನ್ನು. ನಾನು ಸುಮ್ಮನೆ ರೊಟ್ಟಿ ಬಡಿದುಕೊಂಡು ಕೂತಿದ್ದರೆ ನಿನಗೆ ಇನ್ನೂ ನಲವತ್ತು ದಿನ ಇರುತ್ತಿದ್ದವು. ನಲವತ್ತು ದಿನದಲ್ಲಿ ಆ ತೋರುಬೆರಳು ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಈಗ ಯಾರಿಗೂ ಗೊತ್ತಾಗುವುದಿಲ್ಲ. ಅದೇ ನನ್ನನ್ನು ತಿನ್ನುತ್ತಿದೆ.

ನೀನು ಸೊಟ್ಟ ರೆಕ್ಕೆ ನೋಡಿ ಕೂರುವುದನ್ನು ನನ್ನ ಕಣ್ಣಿನಿಂದ ನೋಡಲಾಗಲಿಲ್ಲ. ಇಷ್ಟೇ ಕಾರಣ. ದೊಡ್ಡ ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ.

ಶೈಲಾಗೆ ಇನ್ನೂ ಹೇಳಿಲ್ಲ. ನೀನು ಹೇಳು ಎಂದರೆ ಹೇಳುತ್ತೇನೆ. ಊರಿಗೆ ಹೋಗು ಎಂದರೆ ಹೋಗುತ್ತೇನೆ, ನಾಳೆ ಬೆಳಗಿನ ಬಸ್ಸಿಗೇ. ಕ್ಷಮಿಸಿದೆ ಎನ್ನುವುದು ಬೇಡ, ಆ ಮಾತು ಕೇಳಿ ನನಗೆ ರೂಢಿಯಿಲ್ಲ. ನನಗೆ ಬೇಕಾದದ್ದು ಒಂದೇ ಮಾತು. ನಿನ್ನೆ ಮೇಜು ಒರೆಸುವಾಗ ಎಮರಿ ಪೇಪರುಗಳ ಕಟ್ಟು ಕೈಗೆ ಬಂತು. ಒರಟು, ನುಣ್ಣಗೆ ಎಂದು ಮಡಚಿಟ್ಟಿದ್ದೆಯಲ್ಲ. ಎಡಗೈಯಲ್ಲಿ ಮಡಚಿದ ಮಡಿಕೆಗಳು. ನೀನು ಒಂದು ದಿನವೂ ಆ ಪೇಪರು ಹಿಡಿದು ತಿಕ್ಕಿದ್ದನ್ನು ನಾನು ನೋಡಿಲ್ಲ. ಹಾಗಾದರೆ ಯಾರಿಗೆ ಮಡಚಿ ಇಡುತ್ತಿದ್ದೆ? ನಿನಗೆ ಗೊತ್ತಿತ್ತೋ, ಇಲ್ಲವೋ?

ಗೊತ್ತಿದ್ದೂ ಸೋಮವಾರ ಆ ಡಬ್ಬಿ ಹಿಡಿದು ಹೋದೆಯಾದರೆ, ಹೋಗುವಾಗ ಒಬ್ಬನೇ ಏನು ಯೋಚಿಸುತ್ತ ಹೋದೆ, ಅದನ್ನು ಬರೆ. ಗೊತ್ತಿರಲಿಲ್ಲ ಎಂದರೆ, ಗೊತ್ತಿರಲಿಲ್ಲ ಎಂದು ಬರೆ.

ಬಾಯಿಯಲ್ಲಿ ಹೇಳಬೇಡ, ಕುಕ್ಕರಿಗೂ ಹೇಳಬೇಡ. ಕೆಳಗೆ ಅರ್ಧ ಹಾಳೆ ಬಿಟ್ಟಿದ್ದೇನೆ. ಬಲಗೈಯಿಂದಲೇ ಬರೆಯಬೇಕು. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದೇನೆ, ಬೆರಳನ್ನು ಒಂದೊಂದಾಗಿ ಮಡಚಿ ಇಡು, ಕಟರಿಗೆ ಇಟ್ಟ ಹಾಗೆ. ದಿನಕ್ಕೆ ಒಂದು ಅಕ್ಷರವಾದರೂ ಸರಿ. ಸೊಟ್ಟ ಬಂದರೆ ಸೊಟ್ಟವೇ ಇರಲಿ. ಅದನ್ನು ನಾನು ಮುಟ್ಟುವುದಿಲ್ಲ, ತಿದ್ದುವುದಿಲ್ಲ. ಈ ತಿಂಗಳು ಮುಗಿಯಲು ಇನ್ನೂ ಹದಿನಾರು ದಿನ ಇವೆ. ಅಕ್ಟೋಬರ್ ಹುಟ್ಟುವ ಮೊದಲು ಉತ್ತರ ಬರೆದಿಡು.